ಉಳಿ ಹಿಡಿದ ಕೈ

ಮೊದಲನೆಯ ಬೋಲ್ಟು ಕಿರ್ರೆಂದು ಸಡಿಲಾದದ್ದು ಪಡಸಾಲೆಯಲ್ಲಿ ಕೂತ ಕಸ್ತೂರಿಬಾಯಿಗೆ ಕೇಳಿಸಿತು. ಎದುರಿಗೆ ಗಂಡ ವೈಜಿನಾಥಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಸುತ್ತ ಹೆಂಗಸರ ಅಳು, ಅಂಗಳದಲ್ಲಿ ಭಜನೆಯ ತಾಳ. ಅಷ್ಟು ಗದ್ದಲದಲ್ಲೂ ಹಿತ್ತಲ ತಗಡಿನ ಚಪ್ಪರದಿಂದ ಬಂದ ಆ ಸದ್ದು ಅವಳ ಎದೆಗೇ ತಾಗಿತು. ಕಲ್ಲುಕಟ್ಟೆಗೆ ಬಿಗಿದಿದ್ದ, ಕಬ್ಬಿಣ ಕಡೆಯುವ ಲೇತು ಯಂತ್ರವನ್ನು ಮೈದುನ ಶಿವರಾಜಪ್ಪ ಬಿಚ್ಚುತ್ತಿದ್ದ. ಔರಾದದಿಂದ ಭಾಲ್ಕಿಗೆ ಅಣ್ಣನ ಮಣ್ಣಿಗೆ ಬಂದವನು ಎರಡು ಬಂಡಿ ತಂದಿದ್ದ. ಒಂದರಲ್ಲಿ ಹೆಂಡತಿ ಮಕ್ಕಳು, ಇನ್ನೊಂದು ಖಾಲಿ.

ಬೆಳಿಗ್ಗೆಯೇ ಅವನು ಹೇಳಿಬಿಟ್ಟಿದ್ದ. “ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಣ್ಣ ಹೋದ ಮ್ಯಾಲ ಆ ಮಷೀನ್ ನಡಸೋರು ಇಲ್ಲಿ ಯಾರ ಅದಾರ? ತುಕ್ಕು ಹಿಡದು ಹೋಗ್ತದ. ಮಣ್ಣು ಮುಗಸ್ಕೊಂಡು ಔರಾದಕ್ಕ ಒಯ್ತೇನಿ, ಒಬ್ಬ ಮಿಸ್ತ್ರಿನ್ನ ಇಡ್ತೇನಿ. ನಿಮ್ಮ ಹೊಟ್ಟಿಗಿ ಕಡಿಮಿ ಮಾಡೂದಿಲ್ಲ.”

ಕೆಟ್ಟವನಾಗಿದ್ದರೆ ಬೈದು ಓಡಿಸಬಹುದಿತ್ತು. ಈತ ನಿಜವಾಗಿಯೂ ಅವಳ ಒಳ್ಳೆಯದಕ್ಕೇ ಅನ್ನುತ್ತಿದ್ದ.

ಹಳೆಯ ಗಿರಾಕಿ, ಹಲಬರ್ಗಾದ ಖಾಸಿಂ ಅಲಿ ಹೆಣಕ್ಕೆ ಹೂವು ಹಾಕಿ ಅವಳ ಕಡೆ ತಿರುಗಿದ. “ಕಸ್ತೂರಿಬಾಯಿ, ನಿಮ್ಮ ಯಜಮಾನ್ರದು ಬರೇ ಕೈ ಅಲ್ರಿ, ಖುದಾ ಕೊಟ್ಟ ವರ. ಮೊದಲಿಗಿಂತ ಈಚಿಗಿ ಕೆಲಸ ಇನ್ನಾ ಸಾಫ್ ಆಗಿತ್ತು. ನನ್ನ ಬಾಂವಿ ರಾಟಿ ಅಚ್ಚು ಅರ್ಧಾ ಆಗಿ ಮಷೀನ್ ಮ್ಯಾಲೇ ಉಳೀತು. ನಶೀಬ ನೋಡ್ರಿ.”

ಕೂತವರೆಲ್ಲ ಹೌದು ಹೌದೆಂದು ತಲೆ ಆಡಿಸಿದರು. ಕಸ್ತೂರಿಬಾಯಿಗೆ ಹೆಮ್ಮೆಯಾಯಿತು. ಹೆಣದ ಮುಂದೆ ಕೂತು ಹೆಮ್ಮೆಪಟ್ಟೆನಲ್ಲ ಎಂದು ಹಿಂದೆಯೇ ನಾಚಿಕೆಯೂ ಆಯಿತು. ಆ ಈಚಿನ ಕೆಲಸವೆಲ್ಲ ಯಾರದೆಂದು ಗೊತ್ತಿದ್ದದ್ದು ಇಬ್ಬರಿಗೇ, ಅವರಲ್ಲಿ ಒಬ್ಬರು ಇನ್ನು ಮಾತಾಡುವಂತಿರಲಿಲ್ಲ.

\*

ಬೀದರದಲ್ಲಿ ಬಾಗಿಲು ಮುಚ್ಚಿದ ಹತ್ತಿ ಗಿರಣಿಯೊಂದರ ಹಿಂದೆ ಮಳೆ ಬಿಸಿಲು ಉಂಡು ಬಿದ್ದಿದ್ದ ವಿಲಾಯತಿ ಮಾಲು ಆ ಲೇತು. ವೈಜಿನಾಥಪ್ಪ ಬಂಡಿಯಲ್ಲಿ ಹೇರಿ ತಂದಾಗ ಓಣಿಯೆಲ್ಲ ನಕ್ಕಿತ್ತು. ಅದನ್ನು ತಿರುಗಿಸಲು ಒಂದು ದೊಡ್ಡ ಮರದ ಗಾಲಿ ಬೇಕೆಂದು ಅವನು ಭಾತಂಬ್ರಾದ ಬಡಿಗನ ಹತ್ತಿರ ಹೋದ. ಇತ್ತ ಕಸ್ತೂರಿಬಾಯಿ ಸುಮ್ಮನೆ ಕೂಡುವವಳೇ? ಹಬ್ಬದ ಪಾತ್ರೆ ಬೆಳಗಿದ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ಯಂತ್ರವನ್ನು ಗಸಗಸ ತಿಕ್ಕಿ, ಕೊಡಗಟ್ಟಲೆ ನೀರು ಸುರಿದು, ಮೇಲೊಂದಿಷ್ಟು ವಿಭೂತಿಯನ್ನೂ ಹಚ್ಚಿದಳು. ಸಂಜೆಗೆ ಬೆಳ್ಳಿಯಂತಿದ್ದದ್ದು ಬೆಳಗಾಗುವಷ್ಟರಲ್ಲಿ ಇಟ್ಟಂಗಿಯಂತೆ ಕೆಂಪಾಗಿತ್ತು.

ವೈಜಿನಾಥಪ್ಪ ಬಂದು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಇದೇನ ಹಿತ್ತಾಳಿ ತಂಬಿಗಿ ಅಂದಕೊಂಡೇನ ಹುಚ್ಚಿ? ಇದಕ್ಕ ನೀರು ಅಂದ್ರ ಇಷ, ಎಣ್ಣಿ ಅಂದ್ರ ಅನ್ನ.”

ಮತ್ತೆ ಇಬ್ಬರೂ ಕೂಡಿ ಸೀಮೆಎಣ್ಣೆ ಹಾಕಿ ತುಕ್ಕು ತೆಗೆದರು. ಮುರಿದ ಹಲ್ಲಿನ ಚಕ್ರಕ್ಕೆ ಅವನು ಅರದಿಂದಲೇ ಉಜ್ಜಿ ಹೊಸ ಹಲ್ಲು ಕೂಡಿಸಿದ. ಚರ್ಮದ ಪಟ್ಟಾ ಏರಿಸಿ ಅವಳು ಗಾಲಿ ತಿರುಗಿಸಿದಳು, ಅವನು ಉಳಿ ಹಿಡಿದ. ನಕ್ಕಿದ್ದ ಓಣಿಯವರೇ ಕೆಲಸ ತಂದು ಬಾಗಿಲಲ್ಲಿ ನಿಂತರು.

ಆಮೇಲೆ ವೈಜಿನಾಥಪ್ಪನ ಬಲಗೈ ನಡುಗತೊಡಗಿತು. ಅಂಬಲಿಯ ಬಟ್ಟಲು ತುಳುಕಿತು, ಉಳಿ ಜಾರಿತು. ಒಂದು ದಿನ ಕೆಟ್ಟ ಅಚ್ಚೊಂದನ್ನು ಮೂಲೆಗೆ ಎಸೆದು, ಚಪ್ಪರದ ಬಾಗಿಲು ಮುಚ್ಚಿ, “ನೀ ಇಲ್ಲಿ ಬಾ. ಗಾಲಿ ನಾ ತಿರಗಸ್ತೇನಿ” ಎಂದ. ಬಾಯಿಂದಲೇ ಕಲಿಸಿದ. ಅವಳ ಕೈ ಕೂತಿತು. ಆಗ ತಲೆ ತಗ್ಗಿಸಿ ಹೇಳಿದ: “ಹೊರಗ ಅನಬ್ಯಾಡ ಕಸ್ತೂರಿ. ಹೆಂಗಸು ಮಾಡಿದ ಮಾಲು ಅಂದ್ರ ಯಾರೂ ಮುಟ್ಟಂಗಿಲ್ಲ. ಮತ್ತ ನಾ ಏನ ಉಳದಂಗಾತು?” ಅವನ ಮುಖ ನೋಡಲಾಗದೆ ಅವಳು ಹೂಂ ಅಂದಿದ್ದಳು.

\*

ಎರಡನೆಯ ಬೋಲ್ಟೂ ಕಿರುಗುಟ್ಟಿತು.

ಬಾಯಿ ಬಿಟ್ಟರೆ ಗಂಡನ ಹೆಸರು ಹೋಗುತ್ತದೆ. ಬಿಡದಿದ್ದರೆ ಲೇತು ಹೋಗುತ್ತದೆ, ಅದರ ಹಿಂದೆ ಅವಳ ಅನ್ನ, ಅವಳ ಕೆಲಸ, ಅವನ ಜೊತೆ ಕಳೆದ ಹಗಲುಗಳೆಲ್ಲ ಹೋಗುತ್ತವೆ. ‘ನಿಮ್ಮ ಮಾತು ಮೀರ್ತೇನ್ರಿ’ ಎಂದು ಮನಸ್ಸಿನಲ್ಲೇ ಹೇಳಿ ಎದ್ದಳು. ಶಿವರಾಜಪ್ಪನ ಹೆಂಡತಿ ಶಾಂತಾಬಾಯಿ ಸೆರಗು ಹಿಡಿದೆಳೆದಳು. “ಎಲ್ಲಿಗ್ರಿ ಅಕ್ಕಾ? ಹೆಣ ಬಿಟ್ಟು ಏಳಬಾರದ್ರಿ.” ಅವಳು ಸೆರಗು ಬಿಡಿಸಿಕೊಂಡು ಚಪ್ಪರಕ್ಕೆ ನಡೆದಳು.

“ಶಿವರಾಜ, ಆ ಬೋಲ್ಟು ಬಿಗಿ. ಇದನ್ನ ನಡಸೋರು ಅದಾರ.”

“ಯಾರ್ರಿ ವೈನಿ?”

“ನಾನೇ.”

ಅವನಿಗೆ ಅಯ್ಯೋ ಅನಿಸಿತು. “ದುಃಖದಾಗ ಮನಷ್ಯಾ ಏನರೆ ಅಂತಾನ್ರಿ. ಒಳಗ ನಡೀರಿ.”

“ಬಿಗಿ ಅಂದೆ. ಸಡಲಿದ್ರ ಖಾಸಿಂ ಅಲಿ ಅಚ್ಚು ಕೆಡ್ತದ.”

ತಾಳ ನಿಂತಿತು. ಜನ ಚಪ್ಪರದ ಬಾಯಿಗೆ ಬಂದು ಮುತ್ತಿದರು. “ಮನ್ಯಾಗ ಹೆಣ ಇಟಗೊಂಡು ಮಷೀನ್ ಹಚ್ತಾಳ?” ಎಂದು ಯಾರೋ ಗೊಣಗಿದರು. ಕ್ರಿಯೆಗೆ ಬಂದಿದ್ದ ಮಠದ ಅಯ್ಯನವರು ಗೊಣಗಿದವನತ್ತ ತಿರುಗಿ ನೋಡಿದರು. “ಲಿಂಗವಂತರಿಗಿ ಸೂತಕ ಎಲ್ಲಿಂದ ಬಂತೋ? ಕಾಯಕಕ್ಕ ಅಡ್ಡ ಬರಬ್ಯಾಡ್ರಿ.”

ಶಿವರಾಜಪ್ಪ ಬೋಲ್ಟು ಬಿಗಿದು ಗಾಲಿಗೆ ಕೈ ಹಚ್ಚಿದ. ಜನರೆದುರು ತನ್ನ ಮಾತು ಹೋದ ಸಿಟ್ಟಿನಲ್ಲಿ ಗರಗರ ತಿರುಗಿಸಿದ. ಕಸ್ತೂರಿಬಾಯಿ ಬಳೆ ಮೇಲೇರಿಸಿ ಉಳಿ ಹಿಡಿದಳು. ಅದು ಕಬ್ಬಿಣಕ್ಕೆ ತಾಗಿದ್ದೇ ತಡ, ಚೀರಿ ಹಿಂದಕ್ಕೆ ಜಿಗಿಯಿತು. ಹಿಂದೆ ಯಾರೋ ಲೊಚಗುಟ್ಟಿದರು. ಅತ್ತು ದಣಿದ ಕಣ್ಣಿಗೆ ಅಚ್ಚು ಮಂಜುಮಂಜಾಗಿ ಕಾಣುತ್ತಿತ್ತು. ಇನ್ನೊಮ್ಮೆ ಹೀಗಾದರೆ ಮಾಲೂ ಕೆಡುತ್ತದೆ, ಅವಳ ಮಾತೂ ಕೆಡುತ್ತದೆ.

“ಮೆಲ್ಲಗ ತಿರಗ್ಸು,” ಎಂದಳು. ಭುಜಕ್ಕೆ ಕಣ್ಣು ಒರೆಸಿಕೊಂಡು ಉಳಿಯನ್ನು ಕೂದಲೆಳೆಯಷ್ಟು ಇಳಿಸಿದಳು.

ಈ ಸಲ ಕಬ್ಬಿಣ ಸದ್ದಿಲ್ಲದೆ ಸುರುಳಿ ಸುರುಳಿಯಾಗಿ ಬಿಚ್ಚಿ ಬಂತು. ಎಣ್ಣೆ ಬಿಡುತ್ತ ತುದಿಯವರೆಗೂ ಒಯ್ದಳು, ಅಚ್ಚನ್ನು ಬಿಚ್ಚಿ ಖಾಸಿಂ ಅಲಿಯ ಕೈಗಿಟ್ಟಳು. ಅವನು ಉಗುರಿನಿಂದ ಉದ್ದಕ್ಕೂ ಸವರಿ ನೋಡಿದ. “ಯಾ ಅಲ್ಲಾ, ಇದು ಅದೇ ಕೈ,” ಎಂದ. ಶಿವರಾಜಪ್ಪ ಏದುಸಿರು ಬಿಡುತ್ತ ಹೊರಗೆ ಹೋಗಿ ಲೇತು ಹೇರಲು ಹೂಡಿಟ್ಟಿದ್ದ ಖಾಲಿ ಬಂಡಿಯ ಎತ್ತುಗಳನ್ನು ಬಿಚ್ಚಿದ.

ಆದರೆ ಊರ ಬಾಯಿಗೆ ಮುಚ್ಚಳ ಉಂಟೇ? “ಹಂಗಾದ್ರ ವೈಜಿನಾಥ ಹೆಂಡ್ತಿ ಕೈಲೆ ಹೆಸರು ಮಾಡ್ಕೊಂಡಿದ್ನಪಾ!” ಎಂದು ಹಿಂದೊಬ್ಬ ಮುದುಕ ಅಂದ. ಒಂದಿಬ್ಬರು ಕಿಸಕ್ಕೆಂದರು. ಕಸ್ತೂರಿಬಾಯಿ ಆ ಮಾತು ಕೇಳಿಸಿಕೊಂಡೇ ಪಡಸಾಲೆಗೆ ನಡೆದಳು.

ಹೆಣ ಎತ್ತುವ ಹೊತ್ತಾಗಿತ್ತು. ಕೊನೆಯ ವಿಭೂತಿ ಹಚ್ಚಲು ಅಯ್ಯನವರು ಅವಳನ್ನು ಕರೆದರು.

“ಕೈ ತೊಳ್ಕೊಂಡು ಬರ್ರಿ ಅಕ್ಕಾ, ಬರೇ ಎಣ್ಣಿ ಅದ,” ಎಂದಳು ಶಾಂತಾಬಾಯಿ.

“ಇರಲಿ. ಇದು ಅವ್ರು ಕಲಿಸಿದ ಕೈ,” ಎಂದು ಆ ಮುದುಕನಿಗೂ ಕೇಳುವಂತೆ ಹೇಳಿದಳು. ಮೂರು ಬೆರಳು ವಿಭೂತಿಗೆ ಅದ್ದಿ, ಗಂಡನ ಹಣೆಯ ಆ ತುದಿಯಿಂದ ಈ ತುದಿಗೆ ಒತ್ತಿ ಎಳೆದಳು.

ಕೂತ ಹೆಣವನ್ನು ಹೆಗಲ ಮೇಲೆ ಎತ್ತಿದರು. ಮುಂದಿನ ಬಿದಿರ ಬೊಂಬಿಗೆ ಶಿವರಾಜಪ್ಪನೇ ಹೆಗಲು ಕೊಟ್ಟಿದ್ದ. ಓಣಿಯ ಜನ ಕೈಮುಗಿದು ತಲೆ ಎತ್ತಿದರು. ವೈಜಿನಾಥಪ್ಪನ ಹಣೆಯ ಬಿಳಿ ವಿಭೂತಿಯೊಳಗೆ ಲೇತಿನ ಎಣ್ಣೆಯ ಮೂರು ಕಪ್ಪು ಗೆರೆಗಳು ಬಿಸಿಲಿಗೆ ಎಲ್ಲರಿಗೂ ಕಾಣುತ್ತಿದ್ದವು.