ಇಪ್ಪತ್ತು ಮೊಳದ ಕೋಣೆ

‘ಗರ್ಭಗುಡಿ’ಯ ಮೇಲೆ ನಾಲ್ಕನೆಯ ಸಲವೂ ಕೆಂಪು ಗೀಟು ಬಿದ್ದಿತ್ತು. ಬೆಂಗಳೂರಿನ ಅನುವಾದ ಸಮಿತಿಯಿಂದ ವಾಪಸ್ಸು ಬಂದ ಹಾಳೆಯನ್ನು ವೀರಭದ್ರಸ್ವಾಮಿ ಮೇಷ್ಟ್ರು ಮೇಜಿನ ಮೇಲೆ ಕುಕ್ಕಿದರು.

"ಏನ್ರೀ ಪಾಸ್ಟರ್ ಇದು? ಮೂವತ್ನಾಲ್ಕು ವರ್ಷ ಕನ್ನಡ ಪಾಠ ಹೇಳಿದೀನಿ. ಯಾವ ದಡ್ಡನ ಉತ್ತರಪತ್ರಿಕೆ ಮೇಲೂ ಇಷ್ಟು ಕೆಂಪು ಮಸಿ ಸುರಿದಿಲ್ಲ ನಾನು."

ಪಾಸ್ಟರ್ ಸ್ವಾಮಿದಾಸ್ ಸುಮ್ಮನೆ ತಲೆ ಕೆರೆದುಕೊಂಡರು. ಹುಣಸೂರಿನ ಹೈಸ್ಕೂಲಿನಿಂದ ನಿವೃತ್ತರಾಗಿದ್ದ ಮೇಷ್ಟ್ರನ್ನು ಈ ಕೆಲಸಕ್ಕೆ ಕರೆತಂದವರು ಅವರೇ. ಓದು ಬಾರದವರಿಗೂ ಕೇಳಿದರೆ ತಿಳಿಯುವಂಥ ಕನ್ನಡದಲ್ಲಿ ಬೈಬಲ್ಲನ್ನು ಬರೆಯಬೇಕಿತ್ತು. ಮೇಷ್ಟ್ರು ಜಂಗಮರ ಮನೆಯವರು, ಅವರ ಅಣ್ಣ ಊರ ದೇವಸ್ಥಾನದ ಅರ್ಚಕ. ಆದರೂ ಕನ್ನಡದ ಕೆಲಸವೆಂದು ಒಪ್ಪಿಕೊಂಡಿದ್ದರು. ಒಂದೂವರೆ ವರ್ಷ ಎಲ್ಲ ಸಲೀಸಾಗಿ ನಡೆದು, ಸೊಲೊಮೋನ ರಾಜ ದೇವಾಲಯ ಕಟ್ಟಿಸುವ ಅಧ್ಯಾಯದಲ್ಲಿ ಗಾಡಿ ಹೂತುಕೊಂಡಿತು.

ಅಲ್ಲಿದ್ದದ್ದು ಒಂದು ಹೀಬ್ರೂ ಪದ, ದೆವೀರ್. ದೇವಾಲಯದ ಕಟ್ಟಕಡೆಯ ಕೋಣೆಯ ಹೆಸರು. ಇಪ್ಪತ್ತು ಮೊಳ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ‘ಗರ್ಭಗುಡಿ’ ಎಂದರೆ ಬೇರೆ ಮತದ ಮಾತಾಯಿತು ಎಂದು ಬೆಂಗಳೂರಿನವರ ತಕರಾರು. ‘ಅತಿ ಪರಿಶುದ್ಧ ಸ್ಥಳ’ ಎಂದರೆ ಆಸ್ಪತ್ರೆಯ ಆಪರೇಷನ್ ರೂಮಿನಂತೆ ಕೇಳಿಸುತ್ತದೆ ಎಂದು ಮೇಷ್ಟ್ರ ತಕರಾರು.

"ಹೋಗಲಿ, ಆ ಪದದ ಅರ್ಥವಾದರೂ ಏನು? ಅದನ್ನ ಹೇಳಿ ಮೊದಲು."

"ಅದೇ ತೊಂದರೆ ಮೇಷ್ಟ್ರೇ. ಹಿಂದಿನ ಪಂಡಿತರು, ಅದು ‘ಮಾತಾಡು’ ಅನ್ನೋದರಿಂದ ಬಂದಿದೆ, ದೇವರು ಮಾತಾಡೋ ಜಾಗ ಅಂದರು. ಈಗಿನವರು, ಅಲ್ಲ, ‘ಬೆನ್ನು’ ಅನ್ನೋದರಿಂದ ಬಂದಿದೆ, ಬರೀ ಹಿಂದಿನ ಕೋಣೆ ಅಂತಾರೆ."

"ಮಾತೋ ಬೆನ್ನೋ, ಯಾವುದಾದರೂ ಒಂದು ತೀರ್ಮಾನ ಮಾಡ್ಕೊಂಡು ಬನ್ನಿ ಅಂತ ಬರೀರಿ ಅವರಿಗೆ!"

ಕೊನೆಗೆ ಇಬ್ಬರೂ ಹಾಳೆಗಳನ್ನು ಹಿಡಿದುಕೊಂಡು ಬಸ್ಸು ಹತ್ತಿದರು. ರಾವಂದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಾಯಮ್ಮ ಎಂಬವಳಿದ್ದಳು. ಎರಡು ವರ್ಷದಿಂದ ಪಾಸ್ಟರ ಪ್ರಾರ್ಥನೆಗೆ ಬರುತ್ತಿದ್ದವಳು. ಅವಳಿಗೆ ಓದಿ ಹೇಳಿ, ತಿಳಿದರೆ ಇಟ್ಟುಕೊಳ್ಳುವುದು, ತಿಳಿಯದಿದ್ದರೆ ತಿದ್ದುವುದು ಅವರ ಪದ್ಧತಿ. ಮಾಯಮ್ಮ ಮನೆಯ ಮುಂದಿನ ಚಪ್ಪರದಡಿ ಕೂತು ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಎಲೆಯ ಅಂಟಿನಿಂದ ಕೈಯೆಲ್ಲ ಕಪ್ಪಾಗಿತ್ತು.

ಮೇಷ್ಟ್ರು ಹಟಕ್ಕೆ ‘ಗರ್ಭಗುಡಿ’ ಎಂದೇ ಓದಿದರು. ಓದು ಮುಗಿಸಿ, "ತಿಳೀತಾ ಮಾಯಮ್ಮ?" ಎಂದರು.

"ಯಾಕ್ ತಿಳೀಕಿಲ್ಲ? ಚೆಂದಾಗೇ ತಿಳೀತು. ನಮ್ಮನ್ನ ಬುಡದಿರೋ ಜಾಗ." ಅವಳು ತಲೆ ಎತ್ತಲಿಲ್ಲ. "ನಮ್ಮೂರ ಗುಡೀಲೂ ಅದೆ. ನಾವು ಬೀದೀಲೇ ನಿಂತ್ಕಂಡು ಕಾಯಿ ಕೊಡಾದು. ಇಲ್ಲೂ ಅಂಗೇ ಅಂದ್ರೆ ನಾ ಯಾಕ್ ಬತ್ತಿದ್ದೆ?"

"ಆ ಪದ ಬೇಡ ಅಂತ ನಾನು ಹೇಳಲಿಲ್ವಾ ಮೇಷ್ಟ್ರೇ?" ಎಂದರು ಪಾಸ್ಟರು.

ಮೇಷ್ಟ್ರಿಗೆ ರೇಗಿಹೋಯಿತು. "ಇದರಲ್ಲೂ ಯಾರನ್ನೂ ಬಿಡಲ್ಲ ಕಣಮ್ಮ! ದೊಡ್ಡ ಪೂಜಾರಿ ಒಬ್ಬನೇ, ಅವನೂ ವರ್ಷಕ್ಕೆ ಒಂದೇ ದಿನ. ನಾನು ಬರೆದದ್ದಲ್ಲ, ಇವರ ಪುಸ್ತಕದಲ್ಲೇ ಇರೋದು. ಅರ್ಥ ಸರಿಯಾಗಿದೆ ಅನ್ನೋ ಕಾರಣಕ್ಕೇ ಪದ ಬೇಡ ಅಂದರೆ ನಾನೇನು ಮಾಡಲಿ? ಹಿಂದಿನ ಕೋಣೆ ಅಂತ ಬರೀಲಾ?"

"ಹಿಂದ್ಲ ಕ್ವಾಣೆನಾ?" ಮಾಯಮ್ಮನ ಕೈ ನಿಂತಿತು. "ಒಳಕ್ವಾಣೆ ಅನ್ನಿ. ಎಲ್ರ ಮನೇಲೂ ಅದೆಯಲ್ಲ. ಕಿಟಕಿ ಇರಾಕಿಲ್ಲ, ಕತ್ಲು. ರಾಗಿ ಇಡಾದು ಅಲ್ಲೇ, ಎರಿಗೆ ಆಗಾದು ಅಲ್ಲೇ. ನಮ್ಮವ್ವ ಪ್ರಾಣ ಬುಟ್ಟಿದ್ದೂ ಅಲ್ಲೇ. ಈಗ ಸೊಸೆ ಬಾಣಂತಿ, ಮಲಗವ್ಳೆ."

"ಒಳಕೋಣೆ," ಎಂದು ಮೇಷ್ಟ್ರು ಬಾಯಲ್ಲೇ ಹೇಳಿ ನೋಡಿದರು. ಇಷ್ಟು ಸಸಾರವಾದ ಪದಕ್ಕೆ ನಾಲ್ಕು ತಿಂಗಳು ಒದ್ದಾಡಿದೆವಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು. ಆದರೆ ಅದರಲ್ಲಿ ದೇವರನ್ನು ಕೂರಿಸಬಹುದೇ?

ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಮಾಯಮ್ಮ ಎದ್ದು ಕೈ ಉಜ್ಜಿ ಉಜ್ಜಿ ತೊಳೆದುಕೊಂಡು ಒಳಗೆ ಹೋದಳು. ಮೇಷ್ಟ್ರು ಹಾಳೆಗಳನ್ನು ಹಿಡಿದುಕೊಂಡೇ ಅವಳ ಬೆನ್ನಿಗೇ ನಡೆದರು. ಆ ಕೋಣೆಯನ್ನೊಮ್ಮೆ ಕಣ್ಣಾರೆ ನೋಡಿದರೆ ಪದ ಇತ್ಯರ್ಥವಾಗುತ್ತದೆ ಎಂಬ ಅವಸರ ಅವರಿಗೆ. ನಡುಮನೆ ದಾಟಿ ಹೊಸ್ತಿಲ ಹತ್ತಿರ ಬಂದಿದ್ದರು.

"ಅಲ್ಲೇ ನಿಂತ್ಕಳಿ ಮೇಷ್ಟ್ರೇ," ಎಂದಳು ಮಾಯಮ್ಮ, ಕತ್ತಲೊಳಗಿಂದ. "ಒಳೀಕ್ ಬರಂಗಿಲ್ಲ."

ಅವರು ನಿಂತರು. ಅರವತ್ತೊಂದು ವರ್ಷದಲ್ಲಿ ಯಾವ ಹೊಸ್ತಿಲೂ ಅವರಿಗೆ ಆ ಮಾತು ಹೇಳಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು.

ಒಳಗೆ ಏನೂ ಕಾಣುತ್ತಿರಲಿಲ್ಲ. ಮಗುವಿನ ಅಳು ಬಿಕ್ಕಾಗಿ, ಬಿಕ್ಕು ಉಸಿರಾಗಿ ಇಳಿಯಿತು. ಆಮೇಲೆ ಯಾರೋ ಮಗುವಿನೊಡನೆ ಮೆಲ್ಲಗೆ ಮಾತಾಡತೊಡಗಿದರು. ಸೊಸೆಯೋ, ಮಾಯಮ್ಮನೋ. ಒಂದು ಪದವೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ.

"ಮೇಷ್ಟ್ರೇ, ಮೂರೂವರೆ ಬಸ್ಸು..." ಎಂದು ಹೊರಗಿನಿಂದ ಪಾಸ್ಟರು ಕರೆದರು.

ಮೇಷ್ಟ್ರು ಹಿಂತಿರುಗದೆ, ಸುಮ್ಮನಿರಿ ಎಂಬಂತೆ ಒಂದು ಕೈ ಎತ್ತಿದರು. ಕತ್ತಲ ಕಡೆಗೆ ಕಿವಿ ಕೊಟ್ಟು, ಹೊಸ್ತಿಲ ಈಚೆಗೇ ನಿಂತಿದ್ದರು.