ಉಪ್ಪುನಾಡಿನ ಬಾವಿಗಳು

ಬೆಂಚಿನ ಮೇಲೆ ಹಾಸಬೇಕಿದ್ದ ಬಿಳಿ ಚಾದರವನ್ನು ಕುಳ್ಳಿ ಎಂದಿನ ರಭಸದಲ್ಲೇ ಕೊಡವಿದಳು. ಎದುರಿನ ತುದಿ ಹಿಡಿಯುವವರು ಯಾರೂ ಇರಲಿಲ್ಲ. ಚಾದರ ಒಮ್ಮೆ ಉಬ್ಬಿ ನೆಲಕ್ಕೆ ಬಿತ್ತು. ಹಿಡಿಯಬೇಕಾದವಳು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇವರಿಬ್ಬರೂ ಜೋಡಿ. ದೊಡ್ಡ ಚಾದರ ಒಬ್ಬರ ಕೈಲಿ ಮಡಿಸುವಂಥದ್ದಲ್ಲ. ಆಚೆ ಒಬ್ಬರು, ಈಚೆ ಒಬ್ಬರು ನಿಂತು ಬಿಗಿಯಾಗಿ ಎಳೆದು, ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಸತ್ತವಳನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕುಳ್ಳಿಗೆ ಆ ಹೆಸರಿಟ್ಟವಳೂ ಅವಳೇ. "ನಿನ್ನ ಜೊತೆ ಮಡಿಸಿ ಮಡಿಸಿ ನನ್ನ ಬೆನ್ನು ಬಗ್ಗಿಹೋಯ್ತು ಕಣೇ" ಎಂಬುದು ಅವಳ ನಿತ್ಯದ ದೂರು.

ಚಾದರ ಹಾಸಿ, ದೊಡ್ಡಕ್ಕನನ್ನು ಅವಳ ಮನೆಯ ಪಡಸಾಲೆಗೆ ತಂದು ಮಲಗಿಸಿದ್ದಾಯಿತು. ಬಂದವರು ಹೂವಿಟ್ಟು, ಗೋಡೆಗೊರಗಿ ನಿಂತರು. ದೊಡ್ಡಕ್ಕನ ತಮ್ಮ ಒಬ್ಬೊಬ್ಬರಿಗೂ ಅದೇ ಮಾತು ಹೇಳುತ್ತಿದ್ದ.

"ಎತ್ತು ದುಡಿದ ಹಾಗೆ ದುಡಿದಳು ನಮ್ಮಕ್ಕ. ಭಾವ ಹೋದ ಮೇಲೆ ಒಂದು ದಿನ ಕಾಲು ಚಾಚಿ ಕೂತವಳಲ್ಲ."

"ನಿಜ," ಎಂದ ಲಾಂಡ್ರಿಯ ಮೇಸ್ತ್ರಿ. "ಕಿವಿಗೆ ಆ ಫೋನಿನ ಬಟನ್ ಸಿಕ್ಕಿಸಿಕೊಂಡು ತಲೆ ತಗ್ಗಿಸಿದರೆ ಮುಗೀತು. ಏನೋ ಒಳ್ಳೇ ವಿಚಾರ ಕೇಳ್ತಿದ್ರು ಅನ್ಸುತ್ತೆ. ದೇವರು, ಧರ್ಮ, ಅಂಥದ್ದು."

ಕುಳ್ಳಿಗೆ ಕೆಮ್ಮು ಬಂತು. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಒಳಕೋಣೆಯಲ್ಲಿ ದೊಡ್ಡಕ್ಕನ ಮಗಳು ತಾಯಿಯ ಮಂಚದ ಮೇಲೆ ಕೂತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಎರಡು ಬೀದಿಯಾಚೆ ಗಂಡನ ಮನೆ. ಬೆಳಗಿನಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಬಂದವರಿಗೆ ಅದೇ ಚಿಂತೆಯಾಗಿತ್ತು.

"ಮಾವ ಹೇಳೋದು ಕೇಳಿದ್ರಾ ಚಿಕ್ಕಮ್ಮ?" ಎಂದಳು. "ಅಮ್ಮ ತನ್ನದು ಅಂತ ಒಂದು ಗಳಿಗೆ ಖುಷಿ ಕಾಣಲಿಲ್ಲ. ನನ್ನನ್ನ ಓದಿಸೋಕೆ ಆ ಹಬೆ, ಆ ರಕ್ತದ ಬಟ್ಟೆ. ನಾನೇನು ಕೊಟ್ಟೆ ಅವಳಿಗೆ? ನಾನು ಬಳಸಿ ಬಿಟ್ಟ ಫೋನು. ಅಷ್ಟೇ."

ಕುಳ್ಳಿ ಮಂಚದ ಮೇಲಿನ ದಿಂಬಿನ ಸುಕ್ಕು ಬಿಡಿಸಿದಳು. ಬಾಯಿಗೆ ಬಂದ ಮಾತನ್ನು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಾಕೆಂದರೆ ಆಣೆಯಿತ್ತು.

* * *

ಆ ಫೋನು ಬಂದ ಹೊಸದರಲ್ಲಿ ದೊಡ್ಡಕ್ಕ ಕರೆ ತೆಗೆಯಲು ಹೋಗಿ ಏನನ್ನೋ ಒತ್ತಿದ್ದಳು. ಫೋನಿನೊಳಗಿಂದ ಗಂಭೀರ ದನಿಯ ಹೆಂಗಸೊಬ್ಬಳು ಕಥೆ ಹೇಳತೊಡಗಿದಳು. ಉಪ್ಪುನಾಡಿಗೂ ಕಾಡುನಾಡಿಗೂ ತಲೆತಲಾಂತರದ ವೈರ. ಉಪ್ಪುನಾಡಿನ ರಾಜಕುಮಾರಿಗೆ ಕಡಲನ್ನು ಮಾತಿನಿಂದಲೇ ನಿಲ್ಲಿಸುವ ಮಂತ್ರ ಗೊತ್ತು. ಕಾಡುನಾಡಿನ ದಳಪತಿಯ ನೆರಳು ಅವನನ್ನು ಬಿಟ್ಟು ಒಂಟಿಯಾಗಿ ಓಡಾಡಬಲ್ಲದು. ಆ ನೆರಳೇ ಮೊದಲು ಅವಳನ್ನು ಕಂಡು ಮೋಹಿಸಿತು. ಆದರೆ ಶಾಪವೊಂದಿತ್ತು. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದಾಗಲೆಲ್ಲ ಉಪ್ಪುನಾಡಿನ ಒಂದು ಸಿಹಿನೀರಿನ ಬಾವಿ ಬತ್ತುತ್ತದೆ.

ಯಂತ್ರಗಳ ಗದ್ದಲದಲ್ಲಿ ದೊಡ್ಡಕ್ಕನ ಬಲಗಿವಿಗೊಂದು ಬಟನ್, ಕುಳ್ಳಿಯ ಎಡಗಿವಿಗೊಂದು. ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಕೇಳುವಂತಿಲ್ಲ ಎಂಬ ಕಟ್ಟುಪಾಡು. ಊಟದ ಹೊತ್ತಿನಲ್ಲಿ ಜಗಳ.

"ಪಾಪ, ಕೈಯಾದ್ರೂ ಹಿಡೀಲಿ ಬಿಡಕ್ಕ," ಎನ್ನುತ್ತಿದ್ದಳು ಕುಳ್ಳಿ.

"ಬಾವಿ ಬತ್ತಿದರೆ ಊರ ಜನ ಏನು ಕುಡೀಬೇಕು? ಇವಳ ಪ್ರೀತಿ ಕುಡೀತಾರಾ?"

"ನಿನ್ನ ಎದೆ ಕಲ್ಲು."

"ಕಲ್ಲೇ. ಮನೆ ನಡೆಸಿದವಳು ನಾನು. ನೀರಿನ ಬೆಲೆ ನನಗೆ ಗೊತ್ತು."

ಮುನಿಸಿಕೊಂಡು ಆಚೆ ಈಚೆ ಕೂರುತ್ತಿದ್ದರು. ಗಂಟೆ ಹೊಡೆದರೆ ಮತ್ತೆ ಕಿವಿಗೆ ಕಿವಿ.

ಒಮ್ಮೆ ದೊಡ್ಡಕ್ಕ ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಮಾಡಿಸಿದಳು. "ನನ್ನ ಮಗಳಿಗೆ ಮಾತ್ರ ತಿಳೀಬಾರದು ಕಣೇ. ಚಿಕ್ಕವಳಿದ್ದಾಗ ಇಂಥದೇ ರಾಜಕುಮಾರಿ ಕಥೆಪುಸ್ತಕ ಅವಳ ಕೈಯಿಂದ ಕಿತ್ತು ನೀರೊಲೆಗೆ ಹಾಕಿದ್ದೆ. ಓದೋದು ಬಿಟ್ಟು ಹಾಳುಮೂಳು ಅಂತ ಬೈದಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದುಕೊಳ್ಳಲ್ವಾ? ನಾನು ಸತ್ತ ಮೇಲೂ ಬಾಯಿ ಬಿಡಬೇಡ."

* * *

"ವ್ಯಾನು ಬಂತು," ಎಂದು ಹೊರಗೆ ಯಾರೋ ಹೇಳಿದರು. ಮಗಳು ಎದ್ದು ನಿಂತಳು. ಮುಖ ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಈ ಹುಡುಗಿ ಇದೇ ಮಾತನ್ನು ಹೊತ್ತುಕೊಂಡು ಬದುಕಿಡೀ ಓಡಾಡುತ್ತಾಳೆ ಎಂದು ಕುಳ್ಳಿಗೆ ಅನ್ನಿಸಿತು. ಬೈಯುವುದಾದರೆ ಬೈದುಕೋ ದೊಡ್ಡಕ್ಕ, ಎಂದುಕೊಂಡಳು.

"ಕೂತ್ಕೋ. ನಿಮ್ಮಮ್ಮ ದೇವರ ವಿಚಾರ ಕೇಳ್ತಿರಲಿಲ್ಲ."

"ಮತ್ತೆ?"

"ಪ್ರೇಮದ ಕಥೆ. ರಾಜಕುಮಾರಿ, ಮಂತ್ರ, ನೆರಳು, ಮುತ್ತು, ಎಲ್ಲಾ ಇತ್ತು. ನಿನ್ನ ಹಳೇ ಫೋನಲ್ಲೇ ಇತ್ತು."

ಮಗಳು ಅರ್ಥವಾಗದವಳಂತೆ ನೋಡಿದಳು. "ಉಪ್ಪುನಾಡು ಕಾಡುನಾಡಿನದಾ? ಅದು ನಾನು ತಗೊಂಡಿದ್ದು. ಬೇಜಾರಾಗಿ ಶುರುವಲ್ಲೇ ಬಿಟ್ಟೆ."

"ನೀನು ಬಿಟ್ಟೆ. ಅವಳು ಹಿಡಿದಳು. ಬೆಳಗ್ಗೆ ನನಗಿಂತ ಮುಂಚೆ ಬಂದು ಬಾಗಿಲಲ್ಲಿ ಕಾಯ್ತಿದ್ದಳು, ಬೇಗ ಬಾರೇ, ನೆರಳು ಕೋಟೆ ಹತ್ತಿದೆ ಅಂತ."

"ಅಮ್ಮನಾ? ನನ್ನ ಪುಸ್ತಕ ಒಲೆಗೆ ಹಾಕಿದ ಅಮ್ಮನಾ?"

"ಅವಳೇ. ಅದಕ್ಕೇ ನಿನಗೆ ಹೇಳೋಕೆ ನಾಚಿಕೆ." ಕುಳ್ಳಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಒಂದು ದಿನ ಗಡಿಯ ಹೊಳೆ ಹತ್ತಿರ ರಾಜಕುಮಾರಿ, ದಳಪತಿ ಇಬ್ಬರೂ ಎದುರುಬದುರಾದರು. ಮುಟ್ಟಿದರೆ ಊರಿನ ಕೊನೇ ಬಾವಿ ಹೋಗುತ್ತೆ. ನಾವು ಚಾದರ ಹಿಡಿದು ಮೂಗಿಗೆ ಮೂಗು ತಾಗೋ ಹಾಗೆ ನಿಂತುಬಿಟ್ಟಿದ್ವಿ. ನಾನು ಕಾಯ್ತಿದ್ದೀನಿ, ಈಗ ಅವನನ್ನ ಬೈತಾಳೆ ಅಂತ. ನಿಮ್ಮಮ್ಮ ಕಣ್ಣೊರೆಸಿಕೊಂಡು, 'ಬತ್ತಲಿ ಬಿಡು, ಎಷ್ಟು ದಿನ ಅಂತ ಊರಿಗೆ ನೀರು ಕಾಯ್ತಾಳೆ, ಬೇರೆ ಬಾವಿ ತೋಡಿಕೊಳ್ಳಲಿ' ಅಂದಳು."

ಮಗಳು ಕುಳ್ಳಿಯ ಪಕ್ಕಕ್ಕೆ ಮಂಚದ ಮೇಲೆ ಕೂತು ದಿಂಬು ಎಳೆದುಕೊಂಡಳು.

"ಆ ಗುಂಗಲ್ಲಿ ಏನು ಮಡಿಸಿದೆವು ಅನ್ನೋದೇ ನೋಡಲಿಲ್ಲ ಮಾರಾಯ್ತಿ. ಆಪರೇಷನ್‌ಗೆ ಹೊದಿಸೋ ಬಟ್ಟೆ ಇರುತ್ತಲ್ಲ, ನಡುವೆ ಇಷ್ಟಗಲ ತೂತು? ಅದನ್ನೇ ಚಾದರ ಅಂತ ಗಂಟು ಕಟ್ಟಿ ವಾರ್ಡಿಗೆ ಕಳಿಸಿಬಿಟ್ಟೆವು. ಒಂದು ಸಾಲು ಮಂಚಕ್ಕೆ ಹಾಸಿದ್ದಾರೆ. ಡಾಕ್ಟರು ಬಂದು ನೋಡಿದರೆ ರೋಗಿಗಳೆಲ್ಲ ತೂತಿನ ಮೇಲೆ ಕೂತಿದ್ದಾರೆ. ಮೇಸ್ತ್ರಿ ಬಂದು ಕೂಗಾಡಿದರೆ ನಿಮ್ಮಮ್ಮ ಮುಖ ಗಂಟು ಹಾಕಿಕೊಂಡು, 'ಸೆಕೆ ಕಾಲ ಅಲ್ವಾ, ಗಾಳಿ ಆಡಲಿ' ಅಂದಳು."

ಮಗಳ ಎದೆಯಿಂದ ಒಂದು ಸದ್ದು ಬಂತು. ಅವಳು ಬಾಯಿಗೆ ದಿಂಬು ಒತ್ತಿಕೊಂಡು ಕುಳ್ಳಿಯ ತೊಡೆಯ ಮೇಲೆ ಕುಸಿದಳು. ಬೆನ್ನು ಕುಲುಕತೊಡಗಿತು. ಕುಳ್ಳಿಗೂ ತಡೆಯಲಾಗಲಿಲ್ಲ. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯಿತು.

ಹೊತ್ತಾಯಿತೆಂದು ಕರೆಯಲು ಬಂದ ಮಾವ ಬಾಗಿಲಲ್ಲೇ ನಿಂತ. ಅವನ ಹೆಗಲ ಹಿಂದಿನಿಂದ ಮೇಸ್ತ್ರಿ ಇಣುಕಿದ.

"ಅಂತೂ ಅತ್ತಳು," ಎಂದ ಮಾವ, ಕಣ್ಣೊರೆಸಿಕೊಳ್ಳುತ್ತ. "ಅಳಲಿ ಬಿಡಿ. ಮನಸ್ಸು ಹಗುರ ಆಗುತ್ತೆ. ವ್ಯಾನಿನವನಿಗೆ ಕಾಯೋಕೆ ಹೇಳಿ."

ಅವನು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ. ಮಗಳು ದಿಂಬಿನಿಂದ ಮುಖ ಎತ್ತಿದಳು. ಕೂದಲು ಕೆನ್ನೆಗಂಟಿತ್ತು, ಕಣ್ಣು ಕೆಂಪಾಗಿತ್ತು, ತುಟಿಯಂಚಲ್ಲಿ ನಗು ಇನ್ನೂ ಉಳಿದಿತ್ತು.

"ಆಮೇಲೆ?" ಎಂದಳು.