ದನಿ ಸತ್ತ ಅಡಿಗಲ್ಲು

ಈ ಭೂಮಿಯ ಮೇಲಿರುವ ಅಡಿಗಲ್ಲುಗಳಲ್ಲಿ ಅರ್ಧದಷ್ಟನ್ನು ನಾನೊಬ್ಬನೇ ಹೆಗಲ ಮೇಲೆ ಹೊತ್ತು ತಂದಿದ್ದೇನೆ. ಉಳಿದರ್ಧ ನನ್ನ ಹೆಸರು ಕೇಳಿ ತಾವಾಗಿಯೇ ನಡೆದುಕೊಂಡು ಬಂದವು.

ಅಡಿಗಲ್ಲು ಅಂದರೆ ಕಲ್ಲಲ್ಲ. ಕಮ್ಮಾರ ಕಾದ ಕಬ್ಬಿಣವನ್ನಿಟ್ಟು ಬಡಿಯುತ್ತಾನಲ್ಲ, ಆ ಉಕ್ಕಿನ ದಿಮ್ಮಿ. ಒಂದು ತುದಿಗೆ ಕೊಂಬು, ಇನ್ನೊಂದು ತುದಿಗೆ ಚೌಕ ತೂತು, ನಡುವೆ ಸಪಾಟು ಮೈ. ತೀರಾ ಹಗುರವಾದದ್ದೇ ಒಂದಾಳಿನ ತೂಕ ತೂಗುತ್ತದೆ. ಅಂಥವನ್ನು ಕಂಕುಳಿಗೊಂದರಂತೆ ಇರುಕಿಕೊಂಡು ಮೂರು ಮಹಡಿ ಹತ್ತಿದವನು ನಾನು. ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ. ಗ್ಯಾಸ್ ಸಿಲಿಂಡರ್ ಸರಿಸಲು ಹೋಗಿ ನಾನು ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ ಕಥೆಯನ್ನು ಆಕೆ ಬೀದಿಗೆಲ್ಲ ಹಂಚಿದ್ದಾಳೆ.

ನನ್ನ ಕಸುಬು ಇಷ್ಟೇ. ಮುಚ್ಚಿಹೋದ ಕುಲುಮೆಗಳನ್ನು ಹುಡುಕಿಕೊಂಡು ಹೋಗಿ ಅಡಿಗಲ್ಲು, ತಿದಿ, ಇಕ್ಕಳ, ಸುತ್ತಿಗೆ ಕೊಂಡು ತರುತ್ತೇನೆ. ತುಕ್ಕು ಕೆರೆದು, ಎಣ್ಣೆ ಉಜ್ಜಿ, ಹೊಸ ಕೊರಡಿನ ಮೇಲೆ ಕೂರಿಸಿ, ಬೇಕಾದವರಿಗೆ ಮಾರುತ್ತೇನೆ. ಅಡಿಗಲ್ಲಿಗೆ ಜೀವವಿದೆಯೋ ಇಲ್ಲವೋ ಅಂತ ತಿಳಿಯಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಇದ್ದರೆ ಗಂಟೆಯಂತೆ ಹಾಡುತ್ತದೆ. ಒಳಗೆ ಬಿರುಕು ಬಿಟ್ಟಿದ್ದರೆ ಕುಂಬಳಕಾಯಿ ತಟ್ಟಿದ ಹಾಗೆ ದೊಪ್ ಅನ್ನುತ್ತದೆ. ಇದು ಉಳಿದವರ ವಿದ್ಯೆ. ನಾನಾದರೋ ದೂರದಿಂದ ಮೂಸಿ ನೋಡಿ, ಅದನ್ನು ಬಡಿದವನ ಅಜ್ಜನಿಗೆ ಬಾಯಲ್ಲಿ ಎಷ್ಟು ಹಲ್ಲಿದ್ದವು ಅಂತ ಹೇಳಿಬಿಡುತ್ತೇನೆ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಆಕೆಯ ತೋಳು ನನ್ನ ತೊಡೆಯಷ್ಟಿತ್ತು. ಈ ಒಂದು ಮಾತಲ್ಲಿ ಉಪ್ಪುಖಾರ ಹಚ್ಚಿಲ್ಲ, ನನ್ನ ತೊಡೆ ಇರುವುದೇ ಅಷ್ಟು.

"ಅಣ್ಣಾ, ಹೋದ ವರ್ಷ ಹಳೇ ಸೇತುವೆ ಹತ್ತಿರದ ಕುಲುಮೆಯಿಂದ ಒಂದು ಅಡಿಗಲ್ಲು ತಂದಿದ್ರಂತೆ. ನಾನು ಊರಲ್ಲಿಲ್ಲದಾಗ ನನ್ನ ತಮ್ಮ ಮಾರಿಬಿಟ್ಟ. ಅದು ನಮ್ಮಪ್ಪಂದು."

"ತಂದಿದ್ದೆ ತಾಯಿ. ನಾನು ಮುಟ್ಟಿದ ಕಬ್ಬಿಣ ನಾನು ಮರೆಯೋದುಂಟಾ?"

"ಇನ್ನೂ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಉಳಿದದ್ದನ್ನೂ ಹೇಳಿಬಿಟ್ಟಳು. ಅಪ್ಪನಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಬಲಮೈ ಸತ್ತಿತ್ತು, ಮಾತು ಹೋಗಿತ್ತು. ಕಣ್ಣು ಬಿಟ್ಟರೂ ಯಾರನ್ನೂ ನೋಡುತ್ತಿರಲಿಲ್ಲ.

"ಮೊದಲೂ ಅವರು ಮಾತಾಡೋ ಮನುಷ್ಯ ಅಲ್ಲ ಅಣ್ಣಾ. ನಾನು ಹದಿನಾಲ್ಕು ವರ್ಷದವಳಿದ್ದಾಗಿಂದ ಅವರ ಎದುರಿಗೆ ನಿಂತು ಚಮ್ಮಟಿಗೆ ಬೀಸಿದ್ದೀನಿ. ಎಲ್ಲಿ ಹೊಡೀಬೇಕು ಅಂತ ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸೋರು, ನಾನು ಹೊಡೀತಿದ್ದೆ. ಸಾಕು ಅನ್ನೋಕೆ ಅಡಿಗಲ್ಲಿನ ಬರೀ ಮೈಗೆ ಎರಡು ಸಲ ತಟ್ಟೋರು. ನಮ್ಮಿಬ್ಬರ ಮಾತು ಅಂದ್ರೆ ಅಷ್ಟೇ. ಆ ಸದ್ದನ್ನ ಒಂದ್ಸಲ ಕೇಳಿಸಿದ್ರೆ ನನ್ನ ಕಡೆ ತಿರುಗಿ ನೋಡಬಹುದೇನೋ. ಡಾಕ್ಟ್ರು ಹೆಚ್ಚು ದಿನ ಹೇಳ್ತಿಲ್ಲ."

ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ರೀ," ಅಂದಳು.

"ಇದೆ!" ಅಂದೆ ನಾನು. "ನಿಮ್ಮಪ್ಪನ ಅಡಿಗಲ್ಲು ಇದೆ. ಎಂಥೆಂಥ ದೊಡ್ಡವರು ಬಂದು ಕೇಳಿದ್ರೂ ಕೊಟ್ಟಿಲ್ಲ. ಯಾರೋ ಬಂದೇ ಬರ್ತಾರೆ ಅಂತ ನನ್ನ ಮನಸ್ಸು ಹೇಳ್ತಿತ್ತು. ಶುಕ್ರವಾರ ನಾನೇ ತಂದು ಕೂರಿಸ್ತೀನಿ. ಒಂದು ಕಾಸೂ ಬೇಡ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈ ಮುಗಿಯಲು ಬಂದಳು, ನಾನು ದೊಡ್ಡ ಮನುಷ್ಯನ ಹಾಗೆ ಬೇಡ ಬೇಡ ಅಂದೆ.

ಆಕೆ ಹೋದ ಮೇಲೆ ಹೆಂಡತಿ ಕೇಳಿದಳು. "ಯಾವುದನ್ನ ಕೊಡ್ತೀರಿ?"

"ಅದೇ, ಅವರದ್ದೇ."

"ನನ್ನ ಮುಖ ನೋಡಿ ಹೇಳಿ."

"ನಿನ್ನ ಮುಖ ನೋಡಿದ್ರೆ ಮಾತೇ ಮರೆತುಹೋಗುತ್ತೆ ಮಾರಾಯ್ತಿ."

ಆಕೆ ನಗಲಿಲ್ಲ. ಎರಡು ದಿನ ಬಡಿಸಿದ ತಟ್ಟೆಯನ್ನು ನನ್ನ ಮುಂದೆ ಸದ್ದಾಗುವಂತೆ ಇಟ್ಟಳು.

ಶುಕ್ರವಾರ ಹೋದೆ. ಉದ್ದನೆಯ ಒಂದೇ ಕೋಣೆ. ಮೂಲೆಯಲ್ಲಿ ತಣ್ಣಗಾದ ಒಲೆ, ಮೇಲೆ ಮಸಿ ಹಿಡಿದ ಮಾಡು. ಗೋಡೆಯ ಮೊಳೆಗಳಲ್ಲಿ ಇಕ್ಕಳಗಳು ಗಾತ್ರದ ಪ್ರಕಾರ ಸಾಲಾಗಿ ತೂಗುತ್ತಿದ್ದವು. ನಡುವೆ ಖಾಲಿ ಕೊರಡು. ಅಪ್ಪನ ಮಂಚವನ್ನು ಮಗಳು ಆ ಕೊರಡಿನ ಪಕ್ಕಕ್ಕೇ ಎಳೆದು ಹಾಕಿದ್ದಳು. ಮುದುಕ ಒಣಗಿದ ಕೊಂಬೆಯ ಹಾಗೆ ಮಲಗಿದ್ದ. ಎಡಗೈ ಒಂದೇ ಹೊದಿಕೆಯ ಹೊರಗಿತ್ತು.

ಗಾಡಿಯಿಂದ ಅಡಿಗಲ್ಲನ್ನು ನಾವಿಬ್ಬರೂ ಸೇರಿ ಇಳಿಸಿದೆವು. ಅಂದರೆ ಆಕೆ ಎತ್ತಿದಳು, ನಾನು ಹುಷಾರು ಹುಷಾರು ಅಂದೆ. ಕೊರಡಿನ ಮೇಲೆ ಕೂರಿಸಿದಾಗ ಆಕೆ ಅದರ ನಡುವಿನ ತಗ್ಗನ್ನು ಸವರಿದಳು. ವರ್ಷಗಟ್ಟಲೆ ಪೆಟ್ಟು ಬಿದ್ದಲ್ಲಿ ಅಡಿಗಲ್ಲಿನ ಮೈ ಹಾಗೆ ಬಟ್ಟಲಂತೆ ಒಳಕ್ಕೆ ಹೋಗಿರುತ್ತದೆ.

"ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಣ್ಣಾ," ಅಂದಳು.

ನಾನು ಮೀಸೆ ಮುಟ್ಟಿಕೊಂಡೆ.

ಆಕೆ ಗೋಡೆಯಿಂದ ಸಣ್ಣ ಸುತ್ತಿಗೆ ತೆಗೆದು ಬರೀ ಮೈಗೆ ತಟ್ಟಿದಳು. ಒಂದು. ಎರಡು. ಏನು ಸದ್ದು ಅಂತೀರಿ! ಗೋಡೆಯ ಇಕ್ಕಳಗಳೆಲ್ಲ ಒಟ್ಟಿಗೆ ನಡುಗಿದವು, ಏಳು ಊರಾಚೆ ತೊಟ್ಟಿಲಲ್ಲಿದ್ದ ಮಕ್ಕಳು ಎಚ್ಚರಗೊಂಡವು. ಮುದುಕ ಕಣ್ಣು ತೆರೆದ. ತಲೆ ತಿರುಗಿಸಿದ. ಏಳು ತಿಂಗಳಲ್ಲಿ ಮೊದಲ ಸಲ ಮಗಳ ಮುಖ ನೋಡಿದ.

"ಅಪ್ಪಾ," ಅಂದಳು ಆಕೆ. "ಬಂತಪ್ಪಾ. ನಮ್ಮದು ಮನೆಗೆ ಬಂತು."

ನನ್ನ ಕಣ್ಣಲ್ಲಿ ನೀರು ಬಂತು. ಕೊಡಗಟ್ಟಲೆ ಅಲ್ಲ, ಎರಡೇ ಹನಿ. ಮನಸ್ಸಿನಲ್ಲಿ ಮಾತ್ರ, ಭಲೇ, ನಿನ್ನಂಥವನು ಇನ್ನೊಬ್ಬನಿಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುದುಕನ ಎಡಗೈ ಎದ್ದಿತು. ತೆವಳಿಕೊಂಡು ಅಡಿಗಲ್ಲಿನ ಮೇಲೆ ಬಂತು. ತಗ್ಗು ಸಿಕ್ಕಿತು, ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಅಂಚಿಗೆ ಬಂತು. ಹೆಬ್ಬೆರಳು ಅಂಚಿನ ಉದ್ದಕ್ಕೂ ಏನನ್ನೋ ಹುಡುಕುತ್ತ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಕತ್ತಲಲ್ಲಿ ಬಾಗಿಲ ಚಿಲಕ ತಡಕುವವನ ಹಾಗೆ. ಸಿಗಲಿಲ್ಲ. ಕೈಯನ್ನು ಎದೆಯ ಮೇಲೆ ವಾಪಸು ಇಟ್ಟುಕೊಂಡ. ಮಗಳನ್ನು ಇನ್ನೊಮ್ಮೆ ನೋಡಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟ.

"ಅಪ್ಪಾ? ಅಪ್ಪಾ, ಯಾಕೆ?"

ಆಕೆ ಮತ್ತೆ ತಟ್ಟಿದಳು. ಆತ ಅಲುಗಲಿಲ್ಲ. ಆಗ ಆಕೆ ಅಪ್ಪನ ಹೆಬ್ಬೆರಳು ಓಡಾಡಿದ್ದ ಅಂಚಿನ ಮೇಲೆ ತನ್ನ ಹೆಬ್ಬೆರಳು ಓಡಿಸಿದಳು. ಬಾಗಿ ಆಚೆ ಅಂಚನ್ನೂ ಮುಟ್ಟಿ ನೋಡಿದಳು.

"ಅಣ್ಣಾ," ಅಂದಳು. "ನಮ್ಮಪ್ಪ ಎಡಚರು."

ಗಾತ್ರ ನೋಡಿದ್ದೆ, ತಗ್ಗು ನೋಡಿದ್ದೆ, ಕೊಂಬಿನ ಡೊಂಕನ್ನೂ ನೋಡಿದ್ದೆ.

"ಬಲಗೈಯವರು ಕೊಂಬನ್ನ ಎಡಕ್ಕಿಟ್ಟು ನಿಲ್ತಾರೆ. ಇವರು ಬಲಕ್ಕಿಟ್ಟು ನಿಲ್ಲೋರು. ಕಬ್ಬಿಣ ಬಗ್ಗಿಸೋಕೆ ಅಂತ ತಮ್ಮ ಕಡೆ ಅಂಚನ್ನ ತಾವೇ ಉಜ್ಜಿ ದುಂಡಗೆ ಮಾಡ್ಕೊಂಡಿದ್ರು. ಕೊಂಬನ್ನ ಬಲಕ್ಕಿಟ್ರೆ ಇದರಲ್ಲಿ ದುಂಡಗಿರೋದು ಆಚೆ ಅಂಚು. ಇದನ್ನ ಬಡಿದೋನು ಬಲಗೈ ಮನುಷ್ಯ."

"ಅದು ತಾಯಿ, ತುಕ್ಕು ಕೆರೆಯುವಾಗ ಒಂದೊಂದ್ಸಲ..."

"ತುಕ್ಕು ಕೆರೆಯುವಾಗ ಈ ಮಗ್ಗುಲು ಎದ್ದು ಆ ಮಗ್ಗುಲಿಗೆ ಹೋಯ್ತಾ?"

ನನ್ನ ಬಾಯಲ್ಲಿ ಸುಳ್ಳಿಗೆ ಯಾವತ್ತೂ ಬರ ಇರಲಿಲ್ಲ. ಅವತ್ತು ಒಂದೂ ಬರಲಿಲ್ಲ.

"ಇದು ನಿಮ್ಮದಲ್ಲ," ಅಂದೆ.

"ನಮ್ಮದೆಲ್ಲಿ?"

"ನಮ್ಮ ಹಿತ್ತಲಲ್ಲಿ. ತಾಡಪಾಲಿನ ಕೆಳಗೆ."

"ಇದೆ ಅಂದ್ಮೇಲೆ ಯಾಕೆ ತರಲಿಲ್ಲ?"

ಆಕೆ ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಸುತ್ತಿಗೆಯನ್ನು ಅದರ ಮೊಳೆಗೆ ತಗುಲಿಸಿ ಬಂದಳು.

"ನನಗೆ ಹೇಳಬೇಡಿ. ಅವರಿಗೆ ಕಿವಿ ಕೇಳಿಸುತ್ತೆ. ನಿಮಗೇ ಗೊತ್ತಾಯ್ತಲ್ಲ. ಅವರಿಗೆ ಹೇಳಿ."

ಮಂಚದ ಆಚೆ, ಗೋಡೆಗೂ ಮಂಚಕ್ಕೂ ನಡುವೆ ಒಬ್ಬ ನಿಲ್ಲುವಷ್ಟು ಜಾಗವಿತ್ತು. ಅಲ್ಲಿ ಹೋಗಿ ಮಂಡಿಯೂರಿದೆ. ಮುದುಕನ ಕಣ್ಣು ತೆರೆದೇ ಇದ್ದವು.

"ಯಜಮಾನ್ರೇ," ಅಂದೆ, "ನಿಮ್ಮ ಅಡಿಗಲ್ಲನ್ನ ನಾನು ಕೆಡಿಸಿದೆ. ತುಕ್ಕು ಮಾತ್ರ ತೆಗೆದು ಎಣ್ಣೆ ಹಚ್ಚಿದ್ರೆ ಸಾಕಿತ್ತು. ನಿಮ್ಮ ತಗ್ಗು ನನಗೆ ಚೆಂದ ಕಾಣಲಿಲ್ಲ, ಕನ್ನಡಿ ಹಾಗೆ ಮಾಡಿ ನಾಲ್ಕು ಜನಕ್ಕೆ ತೋರಿಸೋಣ ಅಂತ ಎರಡು ದಿನ ಗ್ರೈಂಡರ್ ಹಿಡಿದೆ. ಮೇಲಿನ ಗಟ್ಟಿ ಉಕ್ಕು ತೆಳ್ಳಗಾಗಿ ಅಂಚು ಮುರೀತು. ಅದನ್ನ ಮುಚ್ಚೋಕೆ ವೆಲ್ಡಿಂಗ್ ಮಾಡಿದೆ. ಆ ಕಾವಿಗೆ ಮೇಲಿನ ಉಕ್ಕು ಕೆಳಗಿನ ಮೈಯಿಂದ ಬಿಟ್ಟುಕೊಳ್ತು. ಬೆಳಿಗ್ಗೆ ತಟ್ಟಿ ನೋಡಿದ್ರೆ ದನಿ ಇರಲಿಲ್ಲ. ನನ್ನ ಹೆಂಡತಿ ಬಿಟ್ರೆ ಯಾರಿಗೂ ಹೇಳಿಲ್ಲ. ನಿಮ್ಮ ಮಗಳು ಬಂದಾಗಲೂ ಹೇಳಲಿಲ್ಲ. ಕಾಯಿಲೆ ಮನುಷ್ಯನಿಗೆ ಏನು ಗೊತ್ತಾಗುತ್ತೆ ಅಂದ್ಕೊಂಡು ಯಾರದ್ದೋ ಒಂದನ್ನ ತಂದೆ. ಇಷ್ಟೇ ನಡೆದದ್ದು."